59 ದಿನ ಮೊದಲೇ ಬಂದಿದ್ದ ಪ್ಯಾಚ್: ವಾನಾಕ್ರೈ ಪ್ರಕರಣದ ಅಧ್ಯಯನ

2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ತಾನಾಗೇ ಹರಡುವ ಹುಳವೊಂದು (ವರ್ಮ್) ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳನ್ನು ಲಾಕ್ ಮಾಡಿ, ಬಿಡಿಸಲು ಹಣ ಕೇಳಿತು. ಆ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಎರಡು ಮಾತು ನೆನಪಿರುತ್ತವೆ. ಯಾರೋ ಗುರುತಿಲ್ಲದ ಇಮೇಲ್ ತೆರೆದರು, ಅದರಿಂದ ವೈರಸ್ ಬಂತು ಅನ್ನುವುದು ಒಂದು. ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರು ಅನುಭವಿಸಿದರು ಅನ್ನುವುದು ಇನ್ನೊಂದು. ದಾಳಿ ನಡೆದ ವಾರ ಸುದ್ದಿಯಲ್ಲೂ ಹೀಗೇ ಬಂದಿತ್ತು. ವಾಟ್ಸಾಪ್ ಫಾರ್ವರ್ಡ್‌ಗಳ ಬಗ್ಗೆಯಂತೂ ಕೇಳುವುದೇ ಬೇಡ. ಆಮೇಲೆ ತನಿಖೆ ಮಾಡಿದವರು ಹೇಳಿದ್ದು ಬೇರೆ. ಅದು ಹರಡಲು ಯಾರೂ ಯಾವ ಇಮೇಲನ್ನೂ ತೆರೆಯಬೇಕಾಗಿರಲಿಲ್ಲ. ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಎಕ್ಸ್‌ಪಿ ಲೆಕ್ಕಕ್ಕೇ ಬರುವಷ್ಟಿರಲಿಲ್ಲ. ಕ್ಯಾಸ್ಪರ್‌ಸ್ಕಿ ಕಂಪನಿಯ ಲೆಕ್ಕದ ಪ್ರಕಾರ ಸುಮಾರು 98 ಶೇಕಡಾ ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7. ಆಗ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಪ್ರತಿ ತಿಂಗಳೂ ಅಪ್‌ಡೇಟ್ ಕೊಡುತ್ತಲೇ ಇತ್ತು. ಈ ದಾಳಿಯನ್ನು ತಡೆಯುವ ಅಪ್‌ಡೇಟ್ (ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ) ಕೂಡ 59 ದಿನ ಮೊದಲೇ, ಪುಕ್ಕಟೆಯಾಗಿ ಬಂದಿತ್ತು.

ಈ 59 ದಿನಗಳ ಕಾರಣಕ್ಕೇ ಈ ಪ್ರಕರಣ ಈಗಲೂ ಓದಲು ಯೋಗ್ಯ ಅಂತ ನನಗನ್ನಿಸುತ್ತದೆ. ಹ್ಯಾಕರ್‌ಗಳ ಜಾಣ್ಮೆ, ಗೂಢಚಾರರ ಕತೆ ಎಲ್ಲ ಇದರಲ್ಲಿದೆ, ನಿಜ. ಆದರೆ ಮನೆಯ ಕಂಪ್ಯೂಟರ್ ಮುಂದೆ ಕೂತವರಿಗೆ ಬೇಕಾದ ಪ್ರಶ್ನೆ ಬೇರೆ. ಮನೆ ಬಾಗಿಲಿಗೇ ಬಂದಿದ್ದ ಪ್ಯಾಚನ್ನು ಲಕ್ಷಾಂತರ ಜನ ಯಾಕೆ ಹಾಕಿಕೊಳ್ಳಲಿಲ್ಲ?

ನಡೆದದ್ದು

ವಿಂಡೋಸ್‌ನಲ್ಲಿ ಎಸ್‌ಎಂಬಿ ಅಂತ ಒಂದು ವ್ಯವಸ್ಥೆ ಇದೆ. ಒಂದೇ ಆಫೀಸಿನ ಕಂಪ್ಯೂಟರ್‌ಗಳು ಫೋಲ್ಡರ್, ಪ್ರಿಂಟರ್ ಹಂಚಿಕೊಳ್ಳುವುದು ಇದರ ಮೂಲಕ. ಇದರ ಮೊದಲ ಆವೃತ್ತಿ ತುಂಬಾ ಹಳೆಯದು, 1980ರ ದಶಕದ್ದು. ಅದರಲ್ಲಿದ್ದ ಒಂದು ದೋಷವನ್ನು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕಂಡುಹಿಡಿಯಿತು. ಮೈಕ್ರೋಸಾಫ್ಟ್‌ಗೆ ತಿಳಿಸದೆ ವರ್ಷಗಟ್ಟಲೆ ಗುಟ್ಟಾಗಿ ಬಳಸಿಕೊಂಡಿತು. ಆ ದೋಷದ ಮೂಲಕ ಒಳನುಗ್ಗುವ ಸಾಧನಕ್ಕೆ ಎಟರ್ನಲ್‌ಬ್ಲೂ ಅಂತ ಹೆಸರು. ಇದು ನೆಟ್‌ವರ್ಕ್‌ನ 445ನೇ ಪೋರ್ಟ್‌ಗೆ, ಅಂದರೆ ಎಸ್‌ಎಂಬಿ ಬಳಸುವ ಬಾಗಿಲಿಗೆ, ಒಂದು ವಿಶೇಷ ರೀತಿಯ ಸಂದೇಶ ಕಳಿಸುತ್ತದೆ. ಆ ಕಡೆಯ ಕಂಪ್ಯೂಟರ್ ಸುಮ್ನೆ ಆನ್ ಆಗಿದ್ದರೆ ಸಾಕು, ಅದರ ಪೂರ್ತಿ ಹಿಡಿತ ಕೈಗೆ ಬರುತ್ತದೆ.

ಶ್ಯಾಡೋ ಬ್ರೋಕರ್ಸ್ ಅಂತ ಹೆಸರಿಟ್ಟುಕೊಂಡ ಗುಂಪೊಂದು 2016ರ ಆಗಸ್ಟ್‌ನಿಂದ ಎನ್‌ಎಸ್‌ಎಯ ಸಾಧನಗಳನ್ನು ಒಂದೊಂದಾಗಿ ಬಯಲಿಗೆ ಹಾಕತೊಡಗಿತು. 2017ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಎಂದೂ ಮಾಡದ ಕೆಲಸ ಮಾಡಿತು. ಪ್ರತಿ ತಿಂಗಳ ಎರಡನೇ ಮಂಗಳವಾರ ಬರುವ ಅಪ್‌ಡೇಟ್ ಕಂತನ್ನು ಪೂರ್ತಿಯಾಗಿ ಮುಂದೂಡಿತು. ಮಾರ್ಚ್ 14ರಂದು ಬಂದ ಕಂತಿನಲ್ಲಿ ಎಂಎಸ್17-010 ಅನ್ನುವ ಪ್ಯಾಚ್ ಇತ್ತು. ಎಸ್‌ಎಂಬಿಯ ಆ ತೂತನ್ನು ಮುಚ್ಚುವುದೇ ಅದರ ಕೆಲಸ. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 14ರಂದು, ಶ್ಯಾಡೋ ಬ್ರೋಕರ್ಸ್ ಎಟರ್ನಲ್‌ಬ್ಲೂ ಸಾಧನವನ್ನು ಎಲ್ಲರ ಕೈಗೂ ಸಿಗುವಂತೆ ನೆಟ್‌ನಲ್ಲಿ ಹಾಕಿತು. ಅಲ್ಲಿಂದ ನಾಲ್ಕೇ ವಾರ. ಮೇ 12ರ ಶುಕ್ರವಾರ ವಾನಾಕ್ರೈ ಬಂತು.

ಅದು ಕೆಲಸ ಮಾಡಿದ ರೀತಿ ಹೀಗೆ. ಒಂದು ಯಂತ್ರದೊಳಗೆ ಸೇರಿದ ಕೂಡಲೇ ಎರಡು ಕೆಲಸ ಒಟ್ಟಿಗೆ ಶುರು. ಅಕ್ಕಪಕ್ಕದ ಯಂತ್ರಗಳ 445ನೇ ಪೋರ್ಟ್ ತೆರೆದಿದೆಯಾ ಅಂತ ತಡಕುವುದು, ಜೊತೆಗೆ ಇಂಟರ್ನೆಟ್‌ನಲ್ಲಿ ಯಾವುದೋ ವಿಳಾಸಗಳನ್ನೂ ಕಣ್ಣುಮುಚ್ಚಿ ತಟ್ಟುವುದು ಒಂದು. ಇನ್ನೊಂದು ಕಡೆ ಈ ಯಂತ್ರದಲ್ಲಿರುವ ವರ್ಡ್, ಎಕ್ಸೆಲ್, ಫೋಟೋ, ವಿಡಿಯೋ ಫೈಲ್‌ಗಳನ್ನು ಹುಡುಕಿ ಗೂಢಲಿಪಿಗೆ ತಿರುಗಿಸುವುದು. ವಿಂಡೋಸ್ ತಾನಾಗೇ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನೂ ಅಳಿಸಿಹಾಕುತ್ತಿತ್ತು. ಆಮೇಲೆ ಕೆಂಪು ಬಣ್ಣದ ಕಿಟಕಿಯೊಂದು ತೆರೆದು 300 ಡಾಲರ್ ಕೇಳುತ್ತಿತ್ತು. ಆಗಿನ ಲೆಕ್ಕಕ್ಕೆ ಸುಮಾರು 19,000 ರೂಪಾಯಿ, ಅದೂ ಬಿಟ್‌ಕಾಯಿನ್‌ನಲ್ಲಿ. ಮೂರು ದಿನ ಕಳೆದರೆ 600 ಡಾಲರ್. ಏಳು ದಿನ ಕಳೆದರೆ ಫೈಲ್ ಸಿಗುವುದೇ ಇಲ್ಲ ಅನ್ನುವ ಬೆದರಿಕೆ. ಈ ಬೆದರಿಕೆ ಪತ್ರವನ್ನು 28 ಭಾಷೆಗಳಲ್ಲಿ ಓದಬಹುದಿತ್ತು. ಅದರಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ. ಈ ಒಂದು ವಿಷಯದಲ್ಲಿ ಕನ್ನಡವನ್ನು ಕಡೆಗಣಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ ಬಿಡಿ.

ಸಿಕ್ಕಿಬಿದ್ದವರ ಪಟ್ಟಿ ದೊಡ್ಡದು. ಸ್ಪೇನ್‌ನ ಟೆಲಿಫೋನಿಕಾ, ಫ್ರಾನ್ಸ್‌ನ ರೆನೋ, ಜರ್ಮನಿಯ ರೈಲ್ವೆ ನಿಲ್ದಾಣಗಳ ಫಲಕಗಳು, ರಷ್ಯಾದ ಗೃಹ ಸಚಿವಾಲಯ, ಫೆಡೆಕ್ಸ್. 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಅಂತ ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಹೇಳಿತು. ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಕೂಡಲೇ ಎಚ್ಚರಿಕೆ ಹೊರಡಿಸಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳು, ಕೇರಳದ ವಯನಾಡು ಕಡೆಯ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ದೆಹಲಿಯ ದೊಡ್ಡ ಕಚೇರಿಗಳ ಬದಲು ಒಂದು ಪಂಚಾಯಿತಿ ಕಚೇರಿ ಯಾಕೆ ಅಂತ ಕೇಳಬೇಡಿ. ಈ ಹುಳ ಯಾರನ್ನೂ ಆರಿಸಿಕೊಂಡು ಹೋಗಲಿಲ್ಲ. ತೆರೆದಿದ್ದ ಕಡೆಯೆಲ್ಲ ನುಗ್ಗಿತು. "ನನ್ನ ಕಂಪ್ಯೂಟರ್‌ನಲ್ಲಿ ಕದಿಯೋಕೆ ಏನಿದೆ?" ಅಂತ ಕೇಳುವವರಿಗೆ ಇಲ್ಲೇ ಉತ್ತರ ಇದೆ. ಅದಕ್ಕೆ ಕದಿಯುವುದು ಬೇಕಾಗಿರಲಿಲ್ಲ. ನಿಮ್ಮ ಫೋಟೋ ನಿಮಗೆ ಬೇಕು ಅಂತಾಗಿದ್ದರೆ ಅಷ್ಟೇ ಸಾಕಾಗಿತ್ತು.

ಆಸ್ಪತ್ರೆಗಳ ಕತೆ

ಎಲ್ಲರಿಗಿಂತ ಹೆಚ್ಚು ದಾಖಲೆ ಸಿಗುವುದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನದು. ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2017ರ ಅಕ್ಟೋಬರ್‌ನಲ್ಲಿ ಪೂರ್ತಿ ವರದಿ ಕೊಟ್ಟಿತು. ಮುಚ್ಚುಮರೆ ಇಲ್ಲದ ವರದಿ.

236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಮೂರನೇ ಒಂದರಷ್ಟಕ್ಕೆ ಪೆಟ್ಟು ಬಿತ್ತು. ಸುಮಾರು 600 ಸ್ಥಳೀಯ ಕ್ಲಿನಿಕ್‌ಗಳಿಗೂ. ಐದು ಕಡೆ ತುರ್ತು ರೋಗಿಗಳನ್ನು ಬೇರೆ ಆಸ್ಪತ್ರೆಗೆ ಕಳಿಸಬೇಕಾಯಿತು. 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಅನ್ನುವುದು ಅಂದಾಜು. ಹುಳ ತಗಲದ ಆಸ್ಪತ್ರೆಗಳೂ ಹೆದರಿ ತಮ್ಮ ಇಮೇಲ್ ಬಂದ್ ಮಾಡಿಕೊಂಡವು. ಆಗ ಸಿಬ್ಬಂದಿ ಮಾತಾಡಿಕೊಂಡಿದ್ದು ತಮ್ಮ ಸ್ವಂತ ಮೊಬೈಲ್‌ನ ವಾಟ್ಸಾಪ್‌ನಲ್ಲಿ. ಪುಣ್ಯಕ್ಕೆ ಯಾವ ಆಸ್ಪತ್ರೆಯೂ ಹಣ ಕಟ್ಟಲಿಲ್ಲ.

ಇವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಎನ್‌ಎಚ್‌ಎಸ್‌ನ ಡಿಜಿಟಲ್ ವಿಭಾಗ ಮಾರ್ಚ್ 17ಕ್ಕೆ ಒಂದು, ಏಪ್ರಿಲ್ 28ಕ್ಕೆ ಇನ್ನೊಂದು ಎಚ್ಚರಿಕೆ ಕಳಿಸಿತ್ತು. ಪ್ಯಾಚ್ ಹಾಕಿ ಅಂತ ಸ್ಪಷ್ಟವಾಗಿ ಹೇಳಿತ್ತು. ದಾಳಿಗೆ ಮೊದಲು 88 ಟ್ರಸ್ಟ್‌ಗಳಿಗೆ ಹೋಗಿ ಸುರಕ್ಷತೆಯ ತಪಾಸಣೆ ಮಾಡಿದ್ದರು. ಪಾಸಾದದ್ದು ಸೊನ್ನೆ. ಆದರೆ ಫೇಲಾದವರನ್ನು ಸರಿಮಾಡಿಸುವ ಅಧಿಕಾರ ತಪಾಸಣೆ ಮಾಡಿದವರಿಗೆ ಇರಲಿಲ್ಲ. ವರದಿಯಲ್ಲಿ ಇನ್ನೊಂದು ಮಾತಿದೆ, ನನಗೆ ಮುಖ್ಯ ಅನ್ನಿಸಿದ್ದು. ಪ್ಯಾಚ್ ಹಾಕದಿದ್ದರೂ ಪರವಾಗಿಲ್ಲ, ಹೊರಗಿನ ಬೇಡದ ಸಂಪರ್ಕ ತಡೆಯುವ, ಇಂಟರ್ನೆಟ್ ಕಡೆಗಿನ ಫೈರ್‌ವಾಲ್ ಸರಿಯಾಗಿ ನೋಡಿಕೊಂಡಿದ್ದರೆ ಬಚಾವಾಗಬಹುದಿತ್ತು ಅಂತ. ಅಂದರೆ ತಪ್ಪಿಸಿಕೊಳ್ಳಲು ಎರಡು ದಾರಿ ಇದ್ದವು. ಪೆಟ್ಟು ತಿಂದವರು ಎರಡನ್ನೂ ನೋಡಿಕೊಳ್ಳಲಿಲ್ಲ.

ದೊಡ್ಡ ಆಫೀಸುಗಳಲ್ಲಿ ಇದು ಇಷ್ಟು ವೇಗವಾಗಿ ಹರಡಿದ್ದಕ್ಕೆ ಕಾರಣ ಸರಳ. ಬೀದಿ ಬಾಗಿಲಿಗೆ ದಪ್ಪ ಬೀಗ, ಒಳಗಿನ ಕೋಣೆಗಳಿಗೆ ಚಿಲಕವೂ ಇಲ್ಲ ಅನ್ನುವ ಹಾಗಿತ್ತು ಆ ನೆಟ್‌ವರ್ಕ್‌ಗಳ ಸ್ಥಿತಿ. ಒಂದು ಯಂತ್ರದೊಳಗೆ ಬಂದರೆ ಮುಗಿಯಿತು, ಉಳಿದವು ಎಲ್ಲ ಸಿಕ್ಕ ಹಾಗೆ.

ಈ ಹಾವಳಿ ನಡೆಸಿದವರಿಗೆ ಸಿಕ್ಕಿದ್ದೆಷ್ಟು? ಮೂರು ಬಿಟ್‌ಕಾಯಿನ್ ಖಾತೆಗಳಿಗೆ ಬಂದದ್ದು ಎಲ್ಲ ಸೇರಿ ಒಂದೂವರೆ ಲಕ್ಷ ಡಾಲರ್ ಒಳಗೆ. ಎನ್‌ಎಚ್‌ಎಸ್ ಒಂದಕ್ಕೇ ಆದ ಖರ್ಚು 9.2 ಕೋಟಿ ಪೌಂಡ್ ಅಂತ ಮರುವರ್ಷ ಅಂದಾಜು ಮಾಡಿದರು. ಹಣ ಕಟ್ಟಿದವರ ಪಾಡು ಇನ್ನೂ ಕೆಟ್ಟದ್ದು. ಎಲ್ಲರೂ ಅದೇ ಮೂರು ಖಾತೆಗೆ ಕಟ್ಟುತ್ತಿದ್ದರಿಂದ, ಯಾರು ಕಟ್ಟಿದ್ದು ಅಂತ ಗುರುತು ಹಿಡಿಯುವ ವ್ಯವಸ್ಥೆಯೇ ಸರಿಯಾಗಿರಲಿಲ್ಲ. ಕಟ್ಟಿದರೂ ಫೈಲ್ ಸಿಗುವ ಖಾತ್ರಿ ಇರಲಿಲ್ಲ.

ನಿಂತದ್ದು ಹೇಗೆ

ಇದನ್ನು ನಿಲ್ಲಿಸಿದ್ದು ಯಾವ ಸರ್ಕಾರವೂ ಅಲ್ಲ. ಇಂಗ್ಲೆಂಡಿನ ಡೆವನ್‌ನಲ್ಲಿದ್ದ 22 ವರ್ಷದ ಮಾರ್ಕಸ್ ಹಚಿನ್ಸ್. ರಜೆಯಲ್ಲಿದ್ದ. ವಾನಾಕ್ರೈ ಕೆಲಸ ಶುರುಮಾಡುವ ಮೊದಲು ಉದ್ದನೆಯ, ಅರ್ಥವಿಲ್ಲದ ಹೆಸರಿನ ಒಂದು ವೆಬ್ ವಿಳಾಸವನ್ನು ಸಂಪರ್ಕಿಸಲು ನೋಡುತ್ತಿತ್ತು. ಆ ಹೆಸರನ್ನು ಯಾರೂ ನೋಂದಾಯಿಸಿರಲಿಲ್ಲ. ಹಚಿನ್ಸ್ 10.69 ಡಾಲರ್ ಕೊಟ್ಟು ನೋಂದಾಯಿಸಿದ. ಹುಳದ ಓಡಾಟವನ್ನು ಗಮನಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಆದರೆ ಆ ವಿಳಾಸ ಉತ್ತರ ಕೊಟ್ಟರೆ ವಾನಾಕ್ರೈ ಸುಮ್ಮನಾಗುವಂತೆ ಬರೆದಿದ್ದರು. ಬಹುಶಃ ತನ್ನನ್ನು ಯಾರಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುತ್ತಿದ್ದಾರಾ ಅಂತ ತಿಳಿಯಲು ಇಟ್ಟ ಉಪಾಯ ಅದು. ಹಾಗಾಗಿ ಹುಳ ಹೋದಲ್ಲೆಲ್ಲ ತಾನಾಗೇ ನಿಲ್ಲತೊಡಗಿತು.

ಇದರಲ್ಲೊಂದು ತಮಾಷೆ ಇದೆ. ನೆಟ್ ವೈರ್ ಕಿತ್ತುಹಾಕಿ ಅಂತ ಎಲ್ಲ ಕಡೆ ಸಲಹೆ ಓಡಾಡುತ್ತಿತ್ತು. ಹುಳ ಇನ್ನೂ ತಗಲದ ಯಂತ್ರಕ್ಕೆ ಅದು ಸರಿಯೇ. ಆದರೆ ಹುಳ ಒಳಗೆ ಬಂದಾಗಿದ್ದ ಯಂತ್ರಕ್ಕೆ ಆ ವಿಳಾಸ ತಲುಪಲು ನೆಟ್ ಬೇಕಾಗಿತ್ತು! ಕೆಲವು ಆಫೀಸಿನವರು ಆ ವಿಳಾಸವನ್ನೇ ಅಪಾಯಕಾರಿ ಅಂತ ತಡೆಹಿಡಿದು, ತಮ್ಮ ಕೈಯಾರೆ ಹುಳಕ್ಕೆ ದಾರಿ ಬಿಟ್ಟುಕೊಟ್ಟರು. ಪ್ರಾಕ್ಸಿ (ನಡುವೆ ನಿಂತ ಸರ್ವರ್) ಮೂಲಕ ಮಾತ್ರ ನೆಟ್ ಸಿಗುವ ಕಡೆಯೂ ಈ ರಕ್ಷಣೆ ಸಿಗಲಿಲ್ಲ. ಅದೃಷ್ಟವನ್ನು ನಂಬಿ ಕೂತರೆ ಆಗುವುದು ಹೀಗೇ. ಪ್ಯಾಚ್ ಹಾಕಿದ ಯಂತ್ರಕ್ಕೆ ಈ ಯಾವ ಗೊಂದಲವೂ ಇರಲಿಲ್ಲ. ಹುಳ ಬಂದು ತಟ್ಟಿತು, ಬಾಗಿಲು ತೆರೆಯಲಿಲ್ಲ, ಮುಂದೆ ಹೋಯಿತು. ಆ ಮನೆಯವರಿಗೆ ಗೊತ್ತೂ ಆಗಿರಲಿಕ್ಕಿಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ಇದು ಉತ್ತರ ಕೊರಿಯಾದ ಕೆಲಸ ಅಂತ ಅಧಿಕೃತವಾಗಿ ಹೇಳಿತು. ನಮ್ಮ ವಿಷಯಕ್ಕೆ ಅದರಿಂದ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ.

ಯಾಕೆ ಹಾಕಿಕೊಳ್ಳಲಿಲ್ಲ?

ಜನರ ಸೋಮಾರಿತನ ಅಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಅಪ್‌ಡೇಟ್ ಬೇಡ ಅಂದವರಲ್ಲಿ ಹೆಚ್ಚಿನವರಿಗೆ ಅವರದೇ ಕಾರಣ ಇತ್ತು, ಆ ಕಾರಣಗಳಲ್ಲಿ ಕೆಲವು ನ್ಯಾಯವಾದವೂ ಹೌದು.

ಮೊದಲನೆಯದನ್ನು ಮೈಕ್ರೋಸಾಫ್ಟ್ ತಾನೇ ಹುಟ್ಟಿಸಿದ್ದು. 2015–16ರಲ್ಲಿ ವಿಂಡೋಸ್ 7 ಬಳಸುವವರಿಗೆ ವಿಂಡೋಸ್ 10ಕ್ಕೆ ಬನ್ನಿ ಅಂತ ಪದೇ ಪದೇ ಕಿಟಕಿ ತೆರೆದು ಪೀಡಿಸಿತು. ಕೊನೆಕೊನೆಗೆ ಆ ಕಿಟಕಿಯ ಮೂಲೆಯ ಇಂಟು ಗುರುತು ಒತ್ತಿದರೂ ಒಪ್ಪಿಗೆ ಅಂತ ತಿಳಿದುಕೊಳ್ಳುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಕಂಪ್ಯೂಟರ್ ಬೇರೆಯದೇ ಆಗಿತ್ತು ಅಂತ ಎಷ್ಟೋ ಜನ ಬೈದುಕೊಂಡರು. ಇದರಿಂದ ತಪ್ಪಿಸಿಕೊಳ್ಳಲು ಜನ ವಿಂಡೋಸ್ ಅಪ್‌ಡೇಟನ್ನೇ ಬಂದ್ ಮಾಡಿಟ್ಟರು. ಮುಂದಿನ ವರ್ಷದ ಮಾರ್ಚ್‌ನಲ್ಲಿ ನಿಜವಾಗಿ ಬೇಕಾದ ಪ್ಯಾಚ್ ಬಂದಾಗ ಬಾಗಿಲು ಮುಚ್ಚಿತ್ತು. ಸುರಕ್ಷತೆಯ ದಾರಿಯಲ್ಲಿ ಮಾರಾಟದ ಸರಕನ್ನೂ ತಂದರೆ ಇಷ್ಟೇ, ಅಲ್ವಾ?

ಎರಡನೆಯದು ನಮ್ಮ ಊರುಗಳ ಕತೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗೆ ಕಾಸು ಕೊಡದ ವಿಂಡೋಸ್ ಹಾಕಿಕೊಡುವುದು ಬಹಳ ಕಾಲ ಮಾಮೂಲಾಗಿತ್ತು. ಅಪ್‌ಡೇಟ್ ಬಂದರೆ ನಕಲಿ ಅಂತ ಗೊತ್ತಾಗಿ ಪರದೆ ಕಪ್ಪಾಗುತ್ತದೆ ಅನ್ನುವ ಭಯ. ಹಾಗಾಗಿ ಹಾಕಿಕೊಡುವವನೇ ಅಪ್‌ಡೇಟ್ ಸೇವೆಯನ್ನು ಆಫ್ ಮಾಡಿ ಕೊಡುತ್ತಿದ್ದ. ಮನೆಯವರಿಗೆ ಇದು ಗೊತ್ತೇ ಇರುತ್ತಿರಲಿಲ್ಲ. ವರ್ಷಗಟ್ಟಲೆ ಅಪ್‌ಡೇಟ್ ಕಾಟ ಇಲ್ಲದ ಒಳ್ಳೇ ಕಂಪ್ಯೂಟರ್ ಅಂತ ಖುಷಿಯಾಗಿರುತ್ತಿದ್ದರು.

ಮೂರನೆಯದು ಹಳೆಯ ಸಾಫ್ಟ್‌ವೇರ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಎಂಆರ್‌ಐ ಯಂತ್ರಗಳಿಗೆ ಜೋಡಿಸಿದ ಕಂಪ್ಯೂಟರ್‌ಗಳು ಹಳೆಯ ವಿಂಡೋಸ್‌ನಲ್ಲೇ ಇದ್ದವು. ಯಂತ್ರದ ಕಂಪನಿ ಒಪ್ಪದೆ ಅದನ್ನು ಮುಟ್ಟುವ ಹಾಗಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ವಿಂಡೋಸ್ ಹಳೆಯದಾಯಿತು ಅಂತ ಬಿಸಾಕಲೂ ಆಗುವುದಿಲ್ಲ. ನಮ್ಮಲ್ಲಿ ಎಂಆರ್‌ಐ ಹುಡುಕಿಕೊಂಡು ಹೋಗಬೇಕಾಗಿಲ್ಲ, ಊರಿನ ಪ್ರಿಂಟಿಂಗ್ ಪ್ರೆಸ್‌ಗೆ ಹೋದರೆ ಸಾಕು. ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಎಲ್ಲ ಪುಟ ಜೋಡಿಸುವ ಪೇಜ್‌ಮೇಕರ್ 7ರಲ್ಲಿ ಕೂತಿವೆ. ಅದು 2001ರ ಸಾಫ್ಟ್‌ವೇರ್, ಈಗ ಎಲ್ಲ ಕಡೆ ಬಳಸುವ ಅಕ್ಷರ ಪದ್ಧತಿಯಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಜೊತೆಗೆ ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ಗಳು. ಇಪ್ಪತ್ತು ವರ್ಷದ ಕೆಲಸ ಆ ಫೈಲ್‌ಗಳಲ್ಲಿದೆ. ಹೊಸ ಕಂಪ್ಯೂಟರ್‌ಗೆ ಹೋದರೆ ಅಕ್ಷರ ಚೆಲ್ಲಾಪಿಲ್ಲಿ. ಇವರಿಗೆ ಹೋಗಿ ವಿಂಡೋಸ್ 11 ಹಾಕಿಕೊಳ್ಳಿ ಅಂದರೆ ನಗುತ್ತಾರೆ.

ಅವರಿಗೆ ಹೇಳಬೇಕಾದದ್ದು ಬೇರೆ. ಆ ಹಳೆಯ ಯಂತ್ರ ಇರಲಿ, ಆದರೆ ಅದಕ್ಕೆ ನೆಟ್ ಬೇಡ. ವೈಫೈ ಬೇಡ, ಬೇರೆ ಕಂಪ್ಯೂಟರ್ ಜೊತೆ ಕೇಬಲ್ ಸಂಬಂಧವೂ ಬೇಡ. ಇಮೇಲ್‌ನಲ್ಲಿ ಬರುವ ಮ್ಯಾಟರನ್ನು ಇನ್ನೊಂದು ಹೊಸ ಯಂತ್ರದಲ್ಲಿ ತೆರೆದು, ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ ಈ ಕಡೆ ತನ್ನಿ. ಕೆಲಸ ಸ್ವಲ್ಪ ಜಾಸ್ತಿ ಆಗುತ್ತದೆ ನಿಜ. ಗಿರಾಕಿಗಳ ಇಷ್ಟು ವರ್ಷದ ಫೈಲ್‌ಗಳ ಮುಂದೆ ಅದು ದೊಡ್ಡದಲ್ಲ. ಆಸ್ಪತ್ರೆಗಳಿಗೂ ಇದೇ ಸಲಹೆ ಕೊಟ್ಟಿದ್ದರು: ಪ್ಯಾಚ್ ಹಾಕಲಾಗದ ಯಂತ್ರವನ್ನು ಉಳಿದ ನೆಟ್‌ವರ್ಕ್‌ನಿಂದ ಬೇರೆ ಇಡಿ.

ಇದೇ ಸಾಲಿಗೆ ಸೇರುವ ಇನ್ನೊಂದು ಸಂಗತಿ, ಜೆರಾಕ್ಸ್ ಅಂಗಡಿ ಮತ್ತು ಆಡಿಟರ್ ಆಫೀಸುಗಳದ್ದು. ವಾನಾಕ್ರೈ ಆದಮೇಲೆ, 2017ರ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯಿಂದ, ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಎಸ್‌ಎಂಬಿಯ ಆ ಮೊದಲ ಆವೃತ್ತಿಯನ್ನು ಮೈಕ್ರೋಸಾಫ್ಟ್ ಆಫ್ ಮಾಡಿಯೇ ಕೊಡತೊಡಗಿತು. ಒಳ್ಳೆಯದೇ. ಆದರೆ ಹಳೆಯ ಜೆರಾಕ್ಸ್ ಯಂತ್ರಗಳಲ್ಲಿ ಸ್ಕ್ಯಾನ್ ಒತ್ತಿದರೆ ನೇರವಾಗಿ ಕಂಪ್ಯೂಟರ್‌ನ ಫೋಲ್ಡರಿಗೆ ಬಂದು ಬೀಳುವ ಸೌಕರ್ಯ ಇರುತ್ತದಲ್ಲ, ಅದಕ್ಕೆ ಈ ಹಳೆಯ ಆವೃತ್ತಿಯೇ ಬೇಕು. ಸ್ಕ್ಯಾನ್ ಬರುವುದು ನಿಂತಿತು. ರಿಪೇರಿಗೆ ಬಂದವನು ವಿಂಡೋಸ್ ಫೀಚರ್‌ಗಳ ಪಟ್ಟಿ ತೆಗೆದು, ಎಸ್‌ಎಂಬಿ 1.0 ಅನ್ನುವ ಸಾಲಿಗೆ ಟಿಕ್ ಹಾಕಿ, ಕಾಸು ತೆಗೆದುಕೊಂಡು ಹೋದ. ಸ್ಕ್ಯಾನ್ ಬಂತು, ಆಫೀಸಿನವರಿಗೆ ಸಮಾಧಾನ. ನಿಮ್ಮ ಆಫೀಸಿನಲ್ಲೂ ಹೀಗಾಗಿದೆಯಾ ಅಂತ ಒಮ್ಮೆ ಆ ಪಟ್ಟಿ ತೆರೆದು ನೋಡಿ. ಟಿಕ್ ಇದ್ದರೆ ತೆಗೆದುಬಿಡಿ. ಸ್ಕ್ಯಾನನ್ನು ಇಮೇಲ್‌ಗೋ ಪೆನ್‌ಡ್ರೈವ್‌ಗೋ ಕಳಿಸುವ ದಾರಿ ಹೆಚ್ಚಿನ ಯಂತ್ರಗಳಲ್ಲಿ ಇದ್ದೇ ಇರುತ್ತದೆ.

ಇನ್ನುಳಿದದ್ದು ಸಮಯ ಮತ್ತು ಡೇಟಾ. ಹಳೆಯ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್ ಶುರುವಾದರೆ ಅರ್ಧ ದಿನ ಹೋಯಿತು. ಇಂಥವರಿಗೆ ನಾನು ಆಂಟಿವೈರಸ್ ಕೊಳ್ಳಿ ಅಂತ ಹೇಳುವುದಿಲ್ಲ. ಆ ದುಡ್ಡಿಗೆ ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ಅಪ್‌ಡೇಟ್ ಬೇಗ ಮುಗಿದರೆ ಅದನ್ನು ಮುಂದೂಡುವ ಮನಸ್ಸೇ ಬರುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಕು.

ಮನೆಯ ಕಂಪ್ಯೂಟರ್‌ಗೆ ಇದರಲ್ಲಿ ಎಷ್ಟು ಅನ್ವಯ?

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ರೂಟರ್ ಹಿಂದೆ ಕೂತಿರುವ ಮನೆಯ ಕಂಪ್ಯೂಟರನ್ನು ವಾನಾಕ್ರೈ ಹೊರಗಿನಿಂದ ನೇರವಾಗಿ ಮುಟ್ಟುವುದು ಕಷ್ಟವಿತ್ತು. ಹೊರಗಿನಿಂದ 445ಕ್ಕೆ ಬರುವ ಕರೆ ರೂಟರ್‌ನಲ್ಲೇ ನಿಂತುಬಿಡುತ್ತದೆ. ಅಪಾಯ ಇದ್ದದ್ದು ಕಾಲೇಜು, ಹಾಸ್ಟೆಲ್, ಆಫೀಸಿನ ನೆಟ್‌ವರ್ಕ್‌ಗೆ ಹೋಗಿಬರುವ ಲ್ಯಾಪ್‌ಟಾಪ್‌ಗಳಿಗೆ. ಹೊಸ ವೈಫೈಗೆ ಸೇರುವಾಗ ಇದು ಪಬ್ಲಿಕ್ ನೆಟ್‌ವರ್ಕಾ, ಪ್ರೈವೇಟಾ ಅನ್ನುವ ಆಯ್ಕೆ ವಿಂಡೋಸ್‌ನಲ್ಲಿದೆ. ಓದದೆ ಒತ್ತಿಬಿಡುತ್ತೇವೆ. ಮನೆ ಬಿಟ್ಟು ಬೇರೆಲ್ಲ ಕಡೆ ಪಬ್ಲಿಕ್ ಅಂತಲೇ ಇರಲಿ. ಆಗ ಫೈರ್‌ವಾಲ್ ಈ ಪೋರ್ಟನ್ನು ಹೊರಗಿನವರಿಗೆ ಮುಚ್ಚಿಡುತ್ತದೆ.

ಮನೆಯವರಿಗೆ ಇವತ್ತು ಜಾಸ್ತಿ ಅಪಾಯ ಬರುವುದು ಬೇರೆ ಕಡೆಯಿಂದ. ಕಾಸು ಕೊಡದೆ ಫೋಟೋಶಾಪ್ ಬೇಕು, ಆಟ ಬೇಕು ಅಂತ ಇಳಿಸಿಕೊಳ್ಳುವ ಕ್ರ್ಯಾಕ್‌ಗಳು. ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ ರಾನ್ಸಮ್‌ವೇರ್ (ವಾನಾಕ್ರೈ ಹಾಗೆ ಫೈಲ್ ಲಾಕ್ ಮಾಡಿ ಹಣ ಕೇಳುವ ಸಾಫ್ಟ್‌ವೇರ್) ಹೀಗೇ ಬಂದು ಸಾಮಾನ್ಯ ಜನರ ಫೋಟೋಗಳನ್ನು ಹಾಳುಮಾಡಿತು. ಕ್ರ್ಯಾಕ್ ಜೊತೆ "ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಅಂತ ಸೂಚನೆ ಇರುತ್ತದೆ. ನಾವೇ ಬಾಗಿಲು ತೆಗೆದು ಕರೆದರೆ ಯಾವ ಪ್ಯಾಚೂ ಏನೂ ಮಾಡಲಾರದು.

ಅಪ್‌ಡೇಟ್ ವಿಷಯಕ್ಕೆ ಬಂದರೆ, ಈಗಿನ ವಿಂಡೋಸ್ ತಾನಾಗೇ ಹಾಕಿಕೊಳ್ಳುತ್ತದೆ ಅಂತ ನೆಮ್ಮದಿಯಾಗಿ ಇರುತ್ತೇವೆ. ಬಹುಪಾಲು ಸರಿ. ಆದರೆ ಅದು ಸದ್ದಿಲ್ಲದೆ ತಪ್ಪಿಹೋಗುವ ಜಾಗಗಳಿವೆ. ಫೋನ್ ಹಾಟ್‌ಸ್ಪಾಟ್‌ನಿಂದಲೇ ನೆಟ್ ನಡೆಯುವ ಮನೆಯಲ್ಲಿ, ಆ ಸಂಪರ್ಕವನ್ನು ಮೀಟರ್ಡ್ (ಡೇಟಾಕ್ಕೆ ಮಿತಿ ಇದೆ) ಅಂತ ಗುರುತು ಮಾಡಿದ್ದರೆ, ಹೆಚ್ಚಿನ ಅಪ್‌ಡೇಟ್ ಇಳಿಯುವುದೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ತೆಗೆದು ವಾರಗಟ್ಟಲೆ ಬಳಸುವವರಿಗೆ ಅಪ್‌ಡೇಟ್ ಇಳಿದಿರುತ್ತದೆ, ಪೂರ್ತಿ ಕೂತಿರುವುದಿಲ್ಲ. ಶಟ್‌ಡೌನ್ ಮಾಡುತ್ತೇನಲ್ಲ ಅನ್ನುವವರಿಗೂ ಒಂದು ಮಾತು. ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಕರ್ಯ ಆನ್ ಇದ್ದರೆ ಬರೀ ಶಟ್‌ಡೌನ್ ಅಂದರೆ ಪೂರ್ತಿ ಆಫ್ ಅಲ್ಲ. ಹಾಗಾಗಿ ವಾರಕ್ಕೊಮ್ಮೆ ರೀಸ್ಟಾರ್ಟ್ ಒತ್ತುವುದು ಒಳ್ಳೆಯದು. ಬ್ರೌಸರ್‌ಗೂ ಇದೇ ಮಾತು. ನಲವತ್ತು ಟ್ಯಾಬ್ ತೆರೆದಿಟ್ಟುಕೊಂಡು ಕ್ರೋಮ್ ಮುಚ್ಚದೇ ಇದ್ದರೆ, ಬಂದ ಅಪ್‌ಡೇಟ್ ಬಾಗಿಲಲ್ಲೇ ಕಾಯುತ್ತಿರುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಕೊನೆಯ ಬಾರಿ ಯಾವಾಗ ಪರೀಕ್ಷಿಸಿದ್ದು ಅಂತ ದಿನಾಂಕ ಇರುತ್ತದೆ. ಹಿಸ್ಟರಿಯಲ್ಲಿ ಈ ತಿಂಗಳ ಕಂತು ಕೂತಿದೆಯಾ ಅಂತ ಕಾಣುತ್ತದೆ. ತಿಂಗಳ ಎರಡನೇ ಮಂಗಳವಾರ ಕಳೆದ ಮೇಲೆ ಒಮ್ಮೆ ನೋಡಿದರೆ ಆಯಿತು.

ಅಪ್‌ಡೇಟ್ ಹಾಕಿ ಪ್ರಿಂಟರ್ ಕೆಟ್ಟಿತು ಅನ್ನುವ ದೂರು ಸುಳ್ಳಲ್ಲ, ಆಗುತ್ತದೆ. ಹೆದರಿಕೆ ಇರುವವರು ಒಂದು ವಾರ ತಡೆದು ಹಾಕಿಕೊಳ್ಳಲಿ. ಕೆಲವು ದಿನ ತಡೆಹಿಡಿಯುವ 'ಪಾಜ್' (Pause) ಬಟನ್ ಅದಕ್ಕೇ ಇದೆ. ವಾನಾಕ್ರೈ ಸಮಯದಲ್ಲಿ ಒಂದು ವಾರ ತಡಮಾಡಿದವರಿಗೆ ಏನೂ ಆಗಲಿಲ್ಲ. ಎಂಟು ವಾರ ದಾಟಿದವರಿಗೆ ಆಯಿತು.

ಬ್ಯಾಕಪ್ ಬಗ್ಗೆ ಈ ಪ್ರಕರಣದಲ್ಲಿ ಒಂದು ಕಹಿ ಪಾಠವೇ ಇದೆ. ವಾನಾಕ್ರೈ ಹೊಸದಾಗಿ ಯಾವುದಾದರೂ ಡ್ರೈವ್ ಸಿಕ್ಕಿಸಿದ್ದಾರಾ ಅಂತ ಕೆಲವೇ ಸೆಕೆಂಡಿಗೊಮ್ಮೆ ನೋಡುತ್ತಿತ್ತು. ಬ್ಯಾಕಪ್ ಡಿಸ್ಕನ್ನು ಯಾವಾಗಲೂ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇಟ್ಟಿದ್ದವರದ್ದು ಎರಡೂ ಹೋಯಿತು. ಗಾಬರಿಯಲ್ಲಿ ಡಿಸ್ಕ್ ತಂದು ಸಿಕ್ಕಿಸಿದವರದ್ದೂ ಹೋಗುತ್ತಿತ್ತು. ಪ್ರತಿ ತೆಗೆದ ಮೇಲೆ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಹಾಳಾದ ಫೈಲನ್ನೂ ಅಷ್ಟೇ ನಿಷ್ಠೆಯಿಂದ ಮೇಲಕ್ಕೆ ಕಳಿಸುತ್ತವೆ. ಹಳೆಯ ಆವೃತ್ತಿಗೆ ಹಿಂದಿರುಗುವ ಸೌಕರ್ಯ ಕೆಲವು ದಿನದವರೆಗೆ ಇರುತ್ತದೆ ಅನ್ನುವುದೇ ಸಮಾಧಾನ.

ಆಮೇಲೆ

ವಾನಾಕ್ರೈ ಕಂಡೂ ಎಲ್ಲರೂ ಪ್ಯಾಚ್ ಹಾಕಿಕೊಂಡರಾ? ಆರೇ ವಾರಕ್ಕೆ, ಜೂನ್ 27ರಂದು, ಅದೇ ಎಟರ್ನಲ್‌ಬ್ಲೂ ಬಳಸಿ ನಾಟ್‌ಪೆಟ್ಯ ಅನ್ನುವ ಇನ್ನೊಂದು ಹುಳ ಬಂತು. ಅದು ಉಕ್ರೇನ್‌ನ ಒಂದು ಲೆಕ್ಕಪತ್ರದ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕವೇ ಹೊರಟಿತ್ತು. ಅಪ್‌ಡೇಟನ್ನು ಕಣ್ಣುಮುಚ್ಚಿ ಹೊಗಳುವವರು ಇದನ್ನೂ ನೆನಪಿಡಬೇಕು. ಪಾಸ್‌ವರ್ಡ್ ಕದ್ದು ಹರಡುವುದೂ ಅದಕ್ಕೆ ಗೊತ್ತಿತ್ತು, ಹಾಗಾಗಿ ಪ್ಯಾಚ್ ಹಾಕಿದ ಯಂತ್ರಗಳೂ ಹೋದವು. ಹಡಗು ಕಂಪನಿ ಮೇರ್ಸ್ಕ್‌ಗೆ ಬಿದ್ದ ಪೆಟ್ಟು ಮುಂಬೈ ಪಕ್ಕದ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್‌ವರೆಗೂ ಬಂತು. 2018ರ ಆಗಸ್ಟ್‌ನಲ್ಲಿ, ಪ್ಯಾಚ್ ಬಂದು ಹದಿನೇಳು ತಿಂಗಳಾದ ಮೇಲೆ, ತೈವಾನ್‌ನ ಟಿಎಸ್‌ಎಂಸಿ ಕಾರ್ಖಾನೆಗಳು ವಾನಾಕ್ರೈನ ಒಂದು ರೂಪಕ್ಕೇ ಸಿಕ್ಕಿ ನಿಂತವು. ಜಗತ್ತಿಗೆಲ್ಲ ಚಿಪ್ ಮಾಡಿಕೊಡುವವರು! ಹೊಸ ಯಂತ್ರವೊಂದನ್ನು ಪರೀಕ್ಷೆ ಮಾಡದೆ ನೆಟ್‌ವರ್ಕ್‌ಗೆ ಸೇರಿಸಿದ್ದು ಕಾರಣ. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಅದೇ ವರ್ಷ ಜೂನ್‌ನಲ್ಲಿ ಬ್ಯಾಂಕುಗಳಿಗೆ ಗಡುವು ಕೊಟ್ಟಿತು: ಎಟಿಎಂಗಳಲ್ಲಿರುವ ಹಳೆಯ ವಿಂಡೋಸನ್ನೆಲ್ಲ 2019ರ ಜೂನ್ ಒಳಗೆ ಬದಲಿಸಬೇಕು. ಆ ಎಟಿಎಂಗಳಲ್ಲಿ ಇನ್ನೂ ಇದ್ದ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲೇ.

ಈಗ ವಿಂಡೋಸ್ 10 ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ಚೆನ್ನಾಗೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇಲ್ಲ, ಪ್ರೊಸೆಸರ್ ಹಳೆಯದು ಅನ್ನುವ ಕಾರಣಕ್ಕೆ ವಿಂಡೋಸ್ 11ಕ್ಕೆ ಹೋಗಲಾರವು. ಇದು ಬಳಸುವವರ ತಪ್ಪಲ್ಲ. ಮನೆಯ ಬಳಕೆದಾರರಿಗೆ ಇನ್ನೊಂದು ವರ್ಷ ಸುರಕ್ಷತೆಯ ಪ್ಯಾಚ್ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಹೆಸರು ನೋಂದಾಯಿಸುವ ಕೊಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು. ನಿಮ್ಮ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಸೇರಿಸಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ಅದು ಮುಗಿದ ಮೇಲೂ ಅದೇ ಯಂತ್ರ ನಡೆಸಬೇಕು ಅನ್ನುವವರಿಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇದೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಬರುತ್ತದೆ. ಕೆಲಸವೆಲ್ಲ ಬ್ರೌಸರ್‌ನಲ್ಲೇ ನಡೆಯುವವರಿಗೆ ಧಾರಾಳ ಸಾಕು. ಜಿಎಸ್‌ಟಿ, ಟೆಂಡರ್ ಅಂತ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮಾತ್ರ, ತಮ್ಮ ಟೋಕನ್‌ಗೆ ಲಿನಕ್ಸ್ ಡ್ರೈವರ್ ಸಿಗುತ್ತದಾ ಅಂತ ಮೊದಲೇ ಕೇಳಿಕೊಂಡು ಮುಂದುವರಿಯಲಿ.